ಬಿಡುಗಡೆಯ ಪತ್ರ, ಹೊಣೆಯ ಪಾಲು

ಶೃಂಗೇರಿಯಿಂದ ಕೆರೆಕಟ್ಟೆ ದಾಟಿ, ಎಸ್.ಕೆ. ಬಾರ್ಡರ್‌ನಲ್ಲಿ ಘಟ್ಟ ಇಳಿದು, ಬಜಗೋಳಿ-ಕಾರ್ಕಳದ ದಾರಿ ಹಿಡಿದರೆ ಮಂಗಳೂರು ನೂರು ಕಿಲೋಮೀಟರಿಗೆ ತುಸು ಹೆಚ್ಚು. ಕಾಳುಮೆಣಸು, ಏಲಕ್ಕಿ, ಅಡಿಕೆ ಬೆಳೆಯುವ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಜನರಿಗೆ ಅದು ದೂರದ ಕಡಲೇನಲ್ಲ. ಆ ಕಡಲ ದಂಡೆಯ ಊರಿನಲ್ಲಿ 1132ನೇ ಇಸವಿ ಅಕ್ಟೋಬರ್ 17ರಂದು ಬರೆದ ಒಂದು ಪತ್ರ ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ಬರೆದುಕೊಟ್ಟವನು ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ. ಇಂದಿನ ಟ್ಯುನೀಷಿಯಾದ ಮಹ್ದಿಯಾ ಪಟ್ಟಣದಿಂದ ಹೊರಟು, ಏಡನ್ ಬಂದರಿನ ನಂಟು ಹಿಡಿದು, ಆಳುಪರು ಆಳುತ್ತಿದ್ದ ತುಳುನಾಡಿಗೆ ಬಂದವನು. ಇಲ್ಲಿ ಅವನು ಕಂಚಿನ ಸಾಮಾನು ಮಾಡಿಸುವ ಕಾರ್ಖಾನೆ ನಡೆಸಿದ, ಕಾಳುಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ ಹಡಗಿಗೆ ಹಾಕಿದ. ಪತ್ರದಲ್ಲಿರುವ ಇನ್ನೊಂದು ಹೆಸರು ಅಶು. ಅವಳು ಅವನ ದಾಸಿ. ಅವಳನ್ನು ಅಂದು ಅವನು ಬಿಡುಗಡೆ ಮಾಡಿದ.

ಇಂಥ ಪತ್ರಕ್ಕೆ ಯಹೂದಿ ಧರ್ಮಶಾಸ್ತ್ರದಲ್ಲಿ ಗೊತ್ತಾದ ಒಂದು ಕ್ರಮವಿದೆ. ಇನ್ನು ಮುಂದೆ ನಿನ್ನ ಮೇಲೆ ನಿನಗೇ ಅಧಿಕಾರ, ನನಗಾಗಲಿ ನನ್ನ ವಾರಸುದಾರರಿಗಾಗಲಿ ಹಕ್ಕಿಲ್ಲ ಎಂದು ಒಡೆಯ ಬರೆದುಕೊಡಬೇಕು. ಜೊತೆಗೆ ಆಕೆ ಇಸ್ರಾಯೇಲರ ಸಮುದಾಯಕ್ಕೆ ಸೇರಬಹುದು ಎಂದೂ ಹೇಳಬೇಕು. ಬಿಡುಗಡೆಯಾದವಳು ಎಲ್ಲಿಗಾದರೂ ಹೋಗಲಿ ಎಂದು ಕೈಬಿಡುವ ಪತ್ರ ಇದಲ್ಲ. ಆಕೆ ಸ್ವತಂತ್ರಳಾದ ಗಳಿಗೆಯಲ್ಲೇ ಯಹೂದಿಯೂ ಆಗುತ್ತಾಳೆ. ಯಹೂದಿಯನ್ನು ಮದುವೆಯಾಗಬಹುದು, ಹುಟ್ಟುವ ಮಕ್ಕಳಿಗೆ ಸಮುದಾಯದ ಹೆಸರು ಸಿಗುತ್ತದೆ, ಸಮುದಾಯದ ವಿಧಿನಿಯಮಗಳೂ ಅವಳ ಹೆಗಲಿಗೆ ಬರುತ್ತವೆ. ದಾಸನಾಗಿದ್ದ ಗಂಡಸಿಗಂತೂ ಅಲ್ಲಿಯವರೆಗೆ ಇದ್ದ ವಿನಾಯಿತಿಗಳೆಲ್ಲ ಅಂದೇ ಮುಗಿಯುತ್ತವೆ. ಸ್ವಾತಂತ್ರ್ಯ ಮತ್ತು ಹೊಣೆ ಒಂದೇ ಕಾಗದದಲ್ಲಿ, ಒಂದೇ ಸಹಿಯಲ್ಲಿ ಬರುವ ಈ ಏರ್ಪಾಡು ಯಹೂದಿ ಧರ್ಮದ ಇಡೀ ಆಲೋಚನೆಯನ್ನು ಹಿಡಿದುಕೊಟ್ಟಂತಿದೆ.

ಆ ಆಲೋಚನೆಯ ಬೇರು ಇರುವುದು ಬೈಬಲ್ಲಿನ ವಿಮೋಚನಕಾಂಡದಲ್ಲಿ. ಈಜಿಪ್ಟಿನಲ್ಲಿ ಇಟ್ಟಿಗೆ ಹೊತ್ತು ಬವಣೆಪಟ್ಟ ಜನರನ್ನು ಮೋಶೆ ಹೊರಗೆ ಕರೆತರುತ್ತಾನೆ. ಕಥೆ ಅಲ್ಲಿಗೇ ಮುಗಿದಿದ್ದರೆ ಅದು ಗುಲಾಮರ ಗೆಲುವಿನ ಕಥೆ ಮಾತ್ರ ಆಗುತ್ತಿತ್ತು. ಆದರೆ ಬಿಡುಗಡೆಯ ಹಬ್ಬವಾದ ಪೆಸಾಹ್‌ನ ಎರಡನೇ ರಾತ್ರಿಯಿಂದ ಯಹೂದಿಗಳು 49 ದಿನ ಲೆಕ್ಕ ಹಾಕುತ್ತಾರೆ. ಪ್ರತಿ ರಾತ್ರಿ ಇಂದು ಎಷ್ಟನೆಯ ದಿನ ಎಂದು ಬಾಯಿಬಿಟ್ಟು ಎಣಿಸುವುದೇ ಒಂದು ವಿಧಿ. 50ನೆಯ ದಿನ ಬರುವುದು ಶಾವುಓತ್, ಸಿನಾಯ್ ಬೆಟ್ಟದಲ್ಲಿ ತೋರಾ ಎಂಬ ಧರ್ಮಗ್ರಂಥ ಸಿಕ್ಕಿದ ಹಬ್ಬ. ಸಂಪ್ರದಾಯದ ಲೆಕ್ಕದಲ್ಲಿ ತೋರಾದ ವಿಧಿಗಳು 613. ಅದರಲ್ಲಿ 248 ಮಾಡಬೇಕಾದವು, 365 ಮಾಡಬಾರದವು. ಸಂಕೋಲೆ ಕಳಚಿದ ಏಳೇ ವಾರಗಳಲ್ಲಿ ಇಷ್ಟು ಕಟ್ಟುಪಾಡು! ಹೊರಗಿನವರಿಗೆ ಒಬ್ಬ ಒಡೆಯ ಹೋಗಿ ಇನ್ನೊಬ್ಬ ಒಡೆಯ ಬಂದಂತೆ ಕಾಣುತ್ತದೆ. ಯಹೂದಿ ಧರ್ಮಗುರುಗಳಾದ ರಬ್ಬಿಗಳು ಇದನ್ನು ನೇರವಾಗಿಯೇ ಎದುರಿಸಿದ್ದಾರೆ. ತೋರಾದ ಪ್ರಕಾರ ಆರು ವರ್ಷ ದುಡಿದ ಇಬ್ರಿಯ, ಅಂದರೆ ಯಹೂದಿ, ದಾಸನಿಗೆ ಏಳನೆಯ ವರ್ಷ ಬಿಡುಗಡೆ. ಅವನು ತಾನಾಗಿಯೇ ಬೇಡವೆಂದರೆ, ಅವನನ್ನು ಬಾಗಿಲ ಕಂಬದ ಹತ್ತಿರ ನಿಲ್ಲಿಸಿ ಕಿವಿಗೆ ದಬ್ಬಳದಿಂದ ತೂತು ಮಾಡಬೇಕು. ಕಿವಿಗೇ ಏಕೆ ಶಿಕ್ಷೆ ಎಂದು ಕೇಳಿದಾಗ ರಬ್ಬಾನ್ ಯೋಹಾನಾನ್ ಬೆನ್ ಝಕ್ಕಾಯ್ ಕೊಟ್ಟ ವಿವರಣೆ ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನಲ್ಲಿದೆ: ಈ ಜನ ದೇವರಿಗೆ ಮಾತ್ರ ಸೇವಕರು ಎಂಬುದನ್ನು ಸಿನಾಯ್‌ನಲ್ಲಿ ಕೇಳಿಸಿಕೊಂಡ ಕಿವಿ ಅದು, ಕೇಳಿಯೂ ಮನುಷ್ಯನೊಬ್ಬನನ್ನು ಒಡೆಯನಾಗಿ ಆರಿಸಿಕೊಂಡಿತು. ದೇವರಿಗೆ ಕಟ್ಟುಬಿದ್ದವನು ಮನುಷ್ಯನಿಗೆ ಕಟ್ಟುಬೀಳಬಾರದು ಎಂಬುದು ಅವರ ತರ್ಕ.

ಮಂಡನರ ಪಕ್ಕದ ಮಣೆ

ಈ ವಾದ ಶೃಂಗೇರಿ ಸೀಮೆಯವರಿಗೆ ಹೊಸದಾಗಿ ಕೇಳಿಸಬಾರದು. ಪೀಠದ ಪರಂಪರೆಯೇ ಇಂಥದೊಂದು ವಾಗ್ವಾದದಿಂದ ಶುರುವಾಗುತ್ತದೆ. ಮಾಹಿಷ್ಮತಿಯಲ್ಲಿ ಮಂಡನ ಮಿಶ್ರರಿಗೂ ಶಂಕರರಿಗೂ ನಡೆದ ಚರ್ಚೆ, ತೀರ್ಪುಗಾರ್ತಿಯಾಗಿ ಕುಳಿತ ಮಂಡನರ ಮಡದಿ ಉಭಯಭಾರತಿ, ಸೋಲುವವರ ಕೊರಳಲ್ಲಿ ಬಾಡುವ ಹೂಮಾಲೆ. ಇದನ್ನು ಕೇಳದೆ ಬೆಳೆದ ಮಕ್ಕಳು ನಮ್ಮ ಕಡೆ ಕಡಿಮೆ. ಹಾರದ ಕಥೆ ಎಲ್ಲರಿಗೂ ಗೊತ್ತು, ವಾದದ ವಿಷಯ ಕೆಲವರಿಗೆ ಮಾತ್ರ. ವೇದದ ತಿರುಳು ಯಾವುದು, ಮಾಡು ಎಂಬ ವಿಧಿಯೋ, ತಿಳಿ ಎಂಬ ಜ್ಞಾನವೋ? ಮೀಮಾಂಸಕರಾದ ಮಂಡನರಿಗೆ ವಿಧಿಯೇ ಮುಖ್ಯ. ನಿತ್ಯಕರ್ಮವನ್ನು ಫಲದ ಆಸೆಗಾಗಿ ಮಾಡುವುದಲ್ಲ, ವಿಧಿಸಲಾಗಿದೆ ಎಂಬ ಕಾರಣಕ್ಕೇ ಮಾಡಬೇಕು. ಬಿಟ್ಟರೆ ದೋಷ. ಶಂಕರರ ಪ್ರಕಾರ ಕರ್ಮದಿಂದ ಚಿತ್ತಶುದ್ಧಿ ಆದೀತು, ಮೋಕ್ಷ ಸಿಗದು. ಮಾಡಿ ಪಡೆದದ್ದೆಲ್ಲ ಒಂದು ದಿನ ಕಳೆಯುತ್ತದೆ, ಆತ್ಮದ ಬಿಡುಗಡೆ ಅಂಥ ಗಳಿಕೆಯಲ್ಲ. ಸೋತ ಮಂಡನರು ಸಂನ್ಯಾಸ ಪಡೆದು ಸುರೇಶ್ವರಾಚಾರ್ಯರಾದರು, ಶೃಂಗೇರಿ ಪೀಠದ ಮೊದಲ ಆಚಾರ್ಯರಾದರು ಎಂದು ಪರಂಪರೆ ಹೇಳುತ್ತದೆ.

ಆ ಸಭೆಯಲ್ಲಿ ಒಬ್ಬ ರಬ್ಬಿಗೂ ಮಣೆ ಹಾಕಿದ್ದರೆ ಅವರು ಮಂಡನರ ಪಕ್ಕದಲ್ಲಿ ಕೂರುತ್ತಿದ್ದರು. ತಾಲ್ಮುದ್‌ನ ರಬ್ಬಿ ಹನೀನಾ ಹೇಳುವುದು ಅದನ್ನೇ: ವಿಧಿಸದೆ ಇದ್ದರೂ ಒಳ್ಳೆಯದನ್ನು ಮಾಡುವವನಿಗಿಂತ, ವಿಧಿಸಿದ್ದಕ್ಕೆ ಮಾಡುವವನು ದೊಡ್ಡವನು. ಆ ಮಾತು ಬಂದ ಸಂದರ್ಭ ಇನ್ನೂ ಸೊಗಸು. ಅಷ್ಕಲೋನ್ ಊರಿನ ದಾಮಾ ಬೆನ್ ನೆತೀನಾ ಯಹೂದಿಯಲ್ಲ. ಅವನಿಂದ ಭಾರೀ ಬೆಲೆಗೆ ಸರಕು ಕೊಳ್ಳಲು ಜನ ಬಂದಾಗ ಪೆಟ್ಟಿಗೆಯ ಬೀಗದ ಕೈ ಮಲಗಿದ್ದ ಅಪ್ಪನ ತಲೆಯಡಿಯಲ್ಲಿತ್ತು. ಅಪ್ಪನ ನಿದ್ದೆ ಕೆಡಿಸಲಾರೆ ಎಂದು ಅವನು ಲಾಭವನ್ನೇ ಬಿಟ್ಟುಕೊಟ್ಟ. ಅನ್ಯನೊಬ್ಬನ ಇಂಥ ಪಿತೃಭಕ್ತಿಯನ್ನು ಮೆಚ್ಚಿ ಹೇಳಿಕೊಂಡ ಮೇಲೆಯೇ ಹನೀನಾ ತಮ್ಮ ಮಾತು ಸೇರಿಸುತ್ತಾರೆ. ಮನಸ್ಸು ಬಂದಾಗ ಮಾಡುವ ಒಳ್ಳೆಯದು ಸುಲಭ, ಮನಸ್ಸು ಬಾರದ ದಿನವೂ ಮಾಡಲೇಬೇಕೆಂಬ ಒತ್ತಡದ ನಡುವೆ ಮಾಡುವುದು ಕಷ್ಟ ಎಂದು ಮುಂದಿನವರು ಇದಕ್ಕೆ ಅರ್ಥ ಹೇಳಿದರು. ವರ್ಷಗಟ್ಟಲೆ ಹಾಸಿಗೆ ಹಿಡಿದ ಅತ್ತೆಗೋ ಅಪ್ಪನಿಗೋ ಸೇವೆ ಮಾಡಿದ ಯಾರನ್ನು ಬೇಕಾದರೂ ಕೇಳಿ, ಇದು ಪುಸ್ತಕದ ಮಾತಲ್ಲ ಎನ್ನುತ್ತಾರೆ.

ಮೀಮಾಂಸೆಗೂ ಯಹೂದಿ ಚಿಂತನೆಗೂ ಒಂದು ದೊಡ್ಡ ಅಂತರವಿದೆ, ಅದನ್ನು ಮರೆಯಬಾರದು. ಮೀಮಾಂಸಕರ ವೇದ ಅಪೌರುಷೇಯ. ಅಲ್ಲಿ ಆಜ್ಞೆ ಇದೆ, ಆಜ್ಞಾಪಿಸಿದವನಿಲ್ಲ. ಯಹೂದಿಗಳಲ್ಲಿ ಇರುವುದು ದೇವರಿಗೂ ಒಂದು ಜನಕ್ಕೂ ಆದ ಒಡಂಬಡಿಕೆ. ಒಡಂಬಡಿಕೆ ಎಂದ ಮೇಲೆ ಎರಡೂ ಕಡೆಯ ಒಪ್ಪಿಗೆ ಬೇಕು. ಆ ಒಪ್ಪಿಗೆ ನಿಜವಾಗಿ ಇತ್ತೇ ಎಂದು ತಾಲ್ಮುದ್ ತನ್ನನ್ನು ತಾನೇ ಕೇಳಿಕೊಳ್ಳುತ್ತದೆ. ದೇವರು ಸಿನಾಯ್ ಬೆಟ್ಟವನ್ನೇ ಕೊಪ್ಪರಿಗೆ ಕವುಚಿದ ಹಾಗೆ ಜನರ ತಲೆಯ ಮೇಲೆ ಹಿಡಿದು, ಒಪ್ಪಿದರೆ ಸರಿ, ಇಲ್ಲವಾದರೆ ಇಲ್ಲೇ ನಿಮ್ಮ ಗೋರಿ ಎಂದನಂತೆ. ಹಾಗಾದರೆ ಬಲವಂತದ ಒಪ್ಪಿಗೆ ಊರ್ಜಿತವಲ್ಲವಲ್ಲ ಎಂದು ಒಬ್ಬ ರಬ್ಬಿ ಆಕ್ಷೇಪ ಎತ್ತುತ್ತಾರೆ. ರಾವಾ ಎಂಬ ಇನ್ನೊಬ್ಬರ ಸಮಾಧಾನ: ನಿಜ, ಆದರೆ ಶತಮಾನಗಳ ಬಳಿಕ ಬೈಬಲ್ಲಿನ ಎಸ್ತೇರ್ ರಾಣಿಯ ಕಾಲದಲ್ಲಿ ಜನ ಅದನ್ನು ತಾವಾಗಿ ಮತ್ತೆ ಒಪ್ಪಿಕೊಂಡರು. ಧರ್ಮದ ಬುನಾದಿಯ ಮೇಲೇ ಇಂಥ ತಕರಾರು ಎತ್ತಿ, ಅದನ್ನು ಅಳಿಸದೆ ಪವಿತ್ರಗ್ರಂಥದಲ್ಲೇ ಉಳಿಸಿಕೊಂಡು, ಮಕ್ಕಳಿಗೂ ಓದಿಸಿದ ಈ ಪರಂಪರೆಯ ಬಗ್ಗೆ ನನಗೆ ಅಪಾರ ಗೌರವ. ಹುಟ್ಟಿನಿಂದ ಬಂದ ಹೊಣೆಯನ್ನು ಮನುಷ್ಯ ಒಮ್ಮೆಯಾದರೂ ತನ್ನದೇ ಒಪ್ಪಿಗೆಯಿಂದ ಮತ್ತೆ ಎತ್ತಿಕೊಳ್ಳಬೇಕು ಎಂಬುದನ್ನು ಅವರು ಕಂಡುಕೊಂಡಿದ್ದರು.

ತುಂಗೆಯ ದಡದಲ್ಲಿ ಗೆದ್ದದ್ದು ಶಂಕರರ ಪಕ್ಷ. ಸಂನ್ಯಾಸ ಸ್ವೀಕರಿಸುವವನು ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಳ್ಳುತ್ತಾನೆ. ಜನಿವಾರ, ಶಿಖೆಗಳನ್ನು ಬಿಡುತ್ತಾನೆ. ದೇವಋಣ, ಋಷಿಋಣ, ಪಿತೃಋಣಗಳ ಬಾಕಿ ಅಲ್ಲಿಗೆ ಚುಕ್ತಾ. ವೈರಾಗ್ಯ ಹುಟ್ಟಿದ ದಿನವೇ ಹೊರಟುಬಿಡಬಹುದೆಂದು ಜಾಬಾಲೋಪನಿಷತ್ತು ಅನುಮತಿ ಕೊಡುತ್ತದೆ. 2015ರ ಜನವರಿಯಲ್ಲಿ ಪೀಠದ ಗುರು ಭಾರತೀ ತೀರ್ಥ ಸ್ವಾಮಿಗಳಿಂದ ವಿಧುಶೇಖರ ಭಾರತೀ ಸ್ವಾಮಿಗಳು ಉತ್ತರಾಧಿಕಾರಿಯಾಗಿ ಸಂನ್ಯಾಸ ಪಡೆದಾಗ ಶೃಂಗೇರಿಯಲ್ಲಿ ಸೇರಿದ ಜನಸ್ತೋಮ ಆ ಬಿಡುಗಡೆಗೆ ಸಾಕ್ಷಿಯಾಗಿತ್ತು. ಆದರೆ ಅದೇ ದಿನ ಎಂಥ ಹೊಣೆ ಅವರ ತಲೆಗೆ ಬಂತು ನೋಡಿ. ಪೀಠದ ಚಂದ್ರಮೌಳೀಶ್ವರನ ಸ್ಫಟಿಕಲಿಂಗಕ್ಕೆ ರಾತ್ರಿಯ ಪೂಜೆ ನಡೆಯಬೇಕು, ಅದನ್ನು ಗುರುಗಳೇ ಮಾಡಬೇಕು. ಪ್ರವಾಸ ಹೋದರೂ ಆ ಪೂಜೆ ಜೊತೆಗೇ ಹೋಗುತ್ತದೆ. ಪಾಠ ಹೇಳಬೇಕು, ಬಂದವರಿಗೆ ಫಲಮಂತ್ರಾಕ್ಷತೆ ಕೊಡಬೇಕು, ಮಠದ ಆಡಳಿತದ ಮೇಲೆ ಕಣ್ಣಿಡಬೇಕು. ಎಲ್ಲ ವಿಧಿಗಳಿಂದ ಹೊರಬಂದವರ ದಿನಚರಿ ಗೃಹಸ್ಥನ ದಿನಚರಿಗಿಂತ ಬಿಗಿ.

ಈ ಎಳೆದಾಟ ಎಲ್ಲರಿಗಿಂತ ಹೆಚ್ಚು ಕಾಣುವುದು 1912ರಲ್ಲಿ, ಇನ್ನೂ ಇಪ್ಪತ್ತರ ಪ್ರಾಯದಲ್ಲಿ ಪೀಠವೇರಿದ ಚಂದ್ರಶೇಖರ ಭಾರತೀ ಸ್ವಾಮಿಗಳ ಬದುಕಿನಲ್ಲಿ. ಅವರ ಒಲವು ಪೂರ್ತಿ ಅಂತರ್ಮುಖ. ತುಂಗೆಯ ಆಚೆ ದಡದ ನರಸಿಂಹವನದ ಏಕಾಂತದಲ್ಲಿ ದೀರ್ಘಕಾಲ ಇರುತ್ತಿದ್ದರು. ದೂರದೂರದಿಂದ ಬಂದವರು ದರ್ಶನವಿಲ್ಲದೆ ಹಿಂತಿರುಗಿದ್ದೂ ಉಂಟು. 1931ರಲ್ಲೇ ಅಭಿನವ ವಿದ್ಯಾತೀರ್ಥರಿಗೆ ಸಂನ್ಯಾಸ ಕೊಟ್ಟು ಉತ್ತರಾಧಿಕಾರಿಯಾಗಿ ತಯಾರು ಮಾಡಿದರು. ಆದರೂ 1954ರಲ್ಲಿ ದೇಹ ಬಿಡುವವರೆಗೆ ಪೀಠದ ಗುರು ಅವರೇ. ಬಿಡುಗಡೆಯನ್ನು ಕಲಿಸುವ ಪರಂಪರೆ ಉಳಿಯಬೇಕಾದರೆ ಅದನ್ನು ಹೊರುವ ಒಬ್ಬರು ಬೇಕು, ಹೊರುವವರ ಬಿಡುಗಡೆ ಅಷ್ಟರಮಟ್ಟಿಗೆ ತಡವಾಗುತ್ತದೆ. ಮಂಡನರ ಪಕ್ಷ ವಾದದಲ್ಲಿ ಸೋತಿತು, ಮಠದ ದಿನಚರಿಯಲ್ಲಿ ಉಳಿದುಕೊಂಡಿತು ಎಂದೇ ನಾನು ತಿಳಿದಿದ್ದೇನೆ.

ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿ ಮತ್ತು ಲಕ್ಷ್ಮೀಸೇನ ಭಟ್ಟಾರಕರ ಮಠವಿದೆ. ಶೃಂಗೇರಿ ಪೇಟೆಯ ನಡುವೆಯೇ ಹನ್ನೆರಡನೇ ಶತಮಾನದ ಪಾರ್ಶ್ವನಾಥ ಬಸದಿಯಿದೆ. ಜೈನರ ದಾರಿ ಮಂಡನರ ದಾರಿಗೂ ರಬ್ಬಿಗಳ ದಾರಿಗೂ ಬೇರೆ. ಶ್ರಾವಕನಿಗೆ ಅಣುವ್ರತ, ಮುನಿಗೆ ಮಹಾವ್ರತ. ಅಲ್ಲಿ ಆಜ್ಞೆ ಕೊಡುವ ದೇವರಿಲ್ಲ, ವ್ರತವನ್ನು ಅವರವರೇ ಕೈಗೊಳ್ಳಬೇಕು. ಹೊಣೆ ಬರುವುದು ಬಾಯಾರೆ ಹೇಳಿದ ಸಂಕಲ್ಪದಿಂದ.

ಬೊಮ್ಮ ಮತ್ತು ಜೀತದಾಳು

ಬೆನ್ ಯಿಜುವಿನ ಕಾಗದಗಳು ನಮ್ಮವರೆಗೆ ಬಂದದ್ದೂ ಒಂದು ವಿಧಿಯ ದೆಸೆಯಿಂದ. ದೇವರ ಹೆಸರಿರುವ ಬರಹವನ್ನು ಯಹೂದಿಗಳು ಸುಡುವುದಿಲ್ಲ, ತಿಪ್ಪೆಗೆ ಎಸೆಯುವುದಿಲ್ಲ. ಹಳೆಯ ಕೈರೋದ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಗೆನೀಜಾ ಎಂಬ ಕೋಣೆಯಲ್ಲಿ ಅಂಥ ಕಾಗದ ಶತಮಾನಗಳ ಕಾಲ ಬಿದ್ದಿತ್ತು. ಲೆಕ್ಕಪತ್ರ, ಖಾಸಗಿ ಓಲೆಗಳೂ ಅದರೊಂದಿಗೆ ಸೇರಿಕೊಂಡವು. ಇತಿಹಾಸಕಾರ ಎಸ್.ಡಿ. ಗೊಯಿಟೈನ್ ಅವುಗಳಲ್ಲಿ ಭಾರತದ ವ್ಯಾಪಾರದ ಪತ್ರಗಳನ್ನು ಹೆಕ್ಕಿ ಓದಿದರು. ಲೇಖಕ ಅಮಿತಾವ್ ಘೋಷ್ 1992ರ 'ಇನ್ ಆನ್ ಆಂಟೀಕ್ ಲ್ಯಾಂಡ್' ಪುಸ್ತಕದಲ್ಲಿ ಬೆನ್ ಯಿಜುವಿನ ದಾಸನೊಬ್ಬನ ಬೆನ್ನು ಹತ್ತಿ ಮಂಗಳೂರಿಗೆ ಬಂದರು. ಆ ದಾಸನ ಹೆಸರು ಬೊಮ್ಮ ಇರಬೇಕೆಂದು ಅವರಿಗೆ ದಾರಿ ತೋರಿಸಿದ್ದು ತುಳು ಜಾನಪದದ ವಿದ್ವಾಂಸ ಬಿ.ಎ. ವಿವೇಕ ರೈ. ಬೊಮ್ಮ ಒಡೆಯನ ಪರವಾಗಿ ಸರಕು ಹಿಡಿದು ಏಡನ್‌ವರೆಗೆ ಹೋಗಿ ವ್ಯವಹಾರ ಕುದುರಿಸುತ್ತಿದ್ದ. ಅಲ್ಲಿ ಕುಡಿದು ರಂಪ ಮಾಡಿ ಹಣ ಕೇಳಿದನೆಂದು ಏಡನ್ನಿನ ವ್ಯಾಪಾರಿ ಮದ್ಮೂನ್ ಬರೆದ ದೂರೂ ಉಳಿದಿದೆ. 1149ರಲ್ಲಿ ಬೆನ್ ಯಿಜು ಮಕ್ಕಳನ್ನು ಕರೆದುಕೊಂಡು ಏಡನ್‌ಗೆ ಮರಳಿದ. ಮಗಳನ್ನು ಒಡಹುಟ್ಟಿದವರ ಮಗನಿಗೇ ಕೊಡಬೇಕೆಂಬ ಅವನ ತವಕ ಅವನ ಓಲೆಯಲ್ಲಿದೆ. ಆ ಮಕ್ಕಳ ತಾಯಿ ಅಶುವೇ ಇರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಅವಳ ಬಾಯಿಂದ ಬಂದ ಒಂದು ಮಾತೂ ಆ ಕಂತೆಯಲ್ಲಿಲ್ಲ. ತಾನು ಹುಟ್ಟಿ ಬೆಳೆದ ನಂಬಿಕೆಯನ್ನು ಬಿಟ್ಟು ಹೊಸದನ್ನು ಹೊರಲು ಅವಳಿಗೆ ಮನಸ್ಸಿತ್ತೇ ಎಂದು ಯಾರೂ ಕೇಳಿ ಬರೆದಿಡಲಿಲ್ಲ. ಸ್ವಾತಂತ್ರ್ಯದ ಪತ್ರವನ್ನೂ ಒಡೆಯನೇ ಬರೆದದ್ದು ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ಇಷ್ಟಾದರೂ ಆ ಶಾಸ್ತ್ರದಲ್ಲಿ ನಾವು ಮಲೆನಾಡಿನವರು ತಲೆತಗ್ಗಿಸಿ ಓದಬೇಕಾದ ಒಂದು ವಿಧಿಯಿದೆ. ಏಳನೆಯ ವರ್ಷ ದಾಸನನ್ನು ಬಿಡುವಾಗ ಬರಿಗೈಲಿ ಕಳಿಸಬಾರದು ಎನ್ನುತ್ತದೆ ಧರ್ಮೋಪದೇಶಕಾಂಡ. ಹಿಂಡಿನಿಂದ ಕುರಿ, ಕಣದಿಂದ ಕಾಳು, ದ್ರಾಕ್ಷಿಯ ಆಲೆಯಿಂದ ರಸ ಕೊಟ್ಟು ಕಳಿಸಬೇಕು, ಏಕೆಂದರೆ ನೀನೂ ಒಮ್ಮೆ ಈಜಿಪ್ಟಿನಲ್ಲಿ ದಾಸನಾಗಿದ್ದೆ. ಬಿಡುಗಡೆ ಪಡೆದವನಿಗಿಂತ ಮೊದಲು ಹೊಣೆ ಬೀಳುವುದು ಬಿಡುಗಡೆ ಮಾಡಿದವನ ಮೇಲೆ. ನಮ್ಮ ಅಡಿಕೆ ತೋಟಗಳಲ್ಲಿ ಮದುವೆಗೋ ಕಾಯಿಲೆಗೋ ಮಾಡಿದ ಸಣ್ಣ ಸಾಲಕ್ಕೆ ಅಪ್ಪ ಜೀತಕ್ಕಿದ್ದು, ಅದೇ ಸಾಲಕ್ಕೆ ಮಗನೂ ಬಂದು ನಿಂತ ಕಾಲ ಇತ್ತು. 1976ರ ಜೀತಪದ್ಧತಿ ನಿರ್ಮೂಲನ ಕಾಯ್ದೆ ಆ ಸಾಲವನ್ನೇ ರದ್ದು ಮಾಡಿತು. ಸಾಲ ಹೋಯಿತು, ಜೀತದಾಳು ಹೊರಗೆ ಬಂದ. ಕಣದ ಕಾಳು, ಹಿಂಡಿನ ಕುರಿ ಅವನ ಜೊತೆಗೆ ಹೊರಬರಲಿಲ್ಲ. ಪುನರ್ವಸತಿಯ ಯೋಜನೆ ಬಂದದ್ದು ಎರಡು ವರ್ಷ ಕಳೆದು, 1978ರಲ್ಲಿ, ಅದೂ ಸರ್ಕಾರದ ಬೊಕ್ಕಸದಿಂದ. ಅವನ ಬೆವರಿನಿಂದ ತೋಟ ಬೆಳೆಸಿದ ಮನೆಗೆ ಕಾಯ್ದೆ ಯಾವ ಬಾಕಿಯನ್ನೂ ಹೇರಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು, 1974ರಲ್ಲಿ, ದೇವರಾಜ ಅರಸು ಅವರ ಭೂಸುಧಾರಣೆ ಗೇಣಿದಾರನಿಗೆ ಜಮೀನು ಕೊಟ್ಟಿತ್ತು. ಗೇಣಿಚೀಟಿಯೂ ಇಲ್ಲದ ಜೀತದಾಳಿಗೆ ಆ ದಾರಿಯೂ ಇರಲಿಲ್ಲ.

ಹೊಣೆ ಎಂದ ಕೂಡಲೇ ಜೀತ ಎಂದು ಭಾವಿಸಬೇಕಿಲ್ಲ ಎಂಬುದಕ್ಕೂ ಮಲೆನಾಡಿನಲ್ಲೇ ಉದಾಹರಣೆಯಿದೆ. ಕೊನೆ ಕೊಯ್ಲಿನ ದಿನಗಳಲ್ಲಿ ಅಕ್ಕಪಕ್ಕದ ಮನೆಯವರು ರಾತ್ರಿ ಬಂದು ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದುಕೊಡುತ್ತಿದ್ದರು. ಒಂದು ಕೈ ಕಾಯಿಯನ್ನು ಅಲಗಿಗೆ ಒತ್ತುತ್ತಿತ್ತು, ಇನ್ನೊಂದು ಸಿಪ್ಪೆ ಸೆಳೆಯುತ್ತಿತ್ತು, ಬಾಯಿ ಊರ ಸುದ್ದಿ ಹೇಳುತ್ತಿತ್ತು. ಮುಯ್ಯಾಳು ಎಂದರೆ ಅದೇ. ನಾಳೆ ಅವರ ಮನೆಯ ರಾಶಿಯ ಮುಂದೆ ಇವರು ಹೋಗಿ ಕೂರಬೇಕು. ಯಾವ ಪತ್ರವೂ ಇಲ್ಲ, ಸಾಕ್ಷಿಯೂ ಇಲ್ಲ, ತಪ್ಪಿಸಿಕೊಂಡರೆ ಊರಲ್ಲಿ ಮುಖ ತೋರಿಸುವುದು ಕಷ್ಟ. ಜೀತದಲ್ಲಿ ತೀರಿಸುವವನು ಯಾವಾಗಲೂ ಒಬ್ಬನೇ, ಮುಯ್ಯಾಳಿನಲ್ಲಿ ಇಬ್ಬರೂ ಸರದಿಯಲ್ಲಿ ಋಣಿಗಳು. ಸುಲಿಯುವ ಯಂತ್ರ ಬಂದ ಮೇಲೆ ಆ ಲೆಕ್ಕಾಚಾರ ಬಹುಮಟ್ಟಿಗೆ ಮುಗಿಯಿತು.

ಹಿರೇಕೊಡಿಗೆಯಲ್ಲಿ ಹುಟ್ಟಿದವರು

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆ ಕುವೆಂಪು ಅವರ ತಾಯಿಯ ತವರು. 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ಅಲ್ಲಿ. ಶೂದ್ರನ ಹೆಗಲಿಗೆ ಪರಂಪರೆ ಹೇರಿದ ಹೊರೆಯನ್ನು ಅವರಷ್ಟು ನಿಷ್ಠುರವಾಗಿ ಪ್ರಶ್ನಿಸಿದವರು ಕನ್ನಡದಲ್ಲಿ ವಿರಳ. ಪುರೋಹಿತರ ಮಾತು ಕೇಳಿ ಬುದ್ಧಿಯನ್ನು ಒತ್ತೆಯಿಡಬೇಡಿ, ನಿರಂಕುಶಮತಿಗಳಾಗಿ ಎಂದು ತರುಣರಿಗೆ ಕರೆ ಕೊಟ್ಟವರು ಅವರು. ಅಂಥವರು ಮದುವೆಯ ಶಾಸ್ತ್ರವನ್ನೇ ಕೈಬಿಡಿ, ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ ಬನ್ನಿ ಎಂದು ಹೇಳಿ ಸುಮ್ಮನಾಗಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಮಂತ್ರಮಾಂಗಲ್ಯ ಎಂಬ ಸರಳ ಮದುವೆಯ ಕ್ರಮವನ್ನು ರೂಪಿಸಿದರು. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆ ಆ ಕ್ರಮದಲ್ಲಿ ನಡೆಯಿತು. ಅದ್ದೂರಿ ಇಲ್ಲ, ವರದಕ್ಷಿಣೆ ಇಲ್ಲ, ಪುರೋಹಿತರಿಲ್ಲ. ಆದರೆ ಓದಿ ಹೇಳುವ ಒಂದು ಪಾಠವಿದೆ, ಕೇಳಿಸಿಕೊಳ್ಳುವ ಕೆಲವು ಬಂಧುಮಿತ್ರರಿದ್ದಾರೆ. ಆ ಪಾಠ ಮನುಷ್ಯರ ನಡುವೆ ಭೇದ ಹುಟ್ಟಿಸುವ ಕಟ್ಟುಗಳಿಂದ ವಧೂವರರು ಮುಕ್ತರಾದರೆಂದು ಸಾರುತ್ತದೆ, ಹಿಂದೆಯೇ ಅವರು ಒಬ್ಬರಿಗೊಬ್ಬರು ನಡೆದುಕೊಳ್ಳಬೇಕಾದ ರೀತಿಯನ್ನು ಹೇಳುತ್ತದೆ. ಬಿಡುಗಡೆ ಮೊದಲು, ಹೊಣೆ ಆಮೇಲೆ. ಈಜಿಪ್ಟ್ ಮೊದಲು, ಸಿನಾಯ್ ಆಮೇಲೆ ಎಂಬ ಅದೇ ಕ್ರಮ ಕುವೆಂಪು ಅವರಿಗೂ ಒದಗಿಬಂತು. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಹೊಣೆಯನ್ನು ಹೊರುವ ಇಬ್ಬರೂ ಎದುರಿಗೇ ನಿಂತು, ತಮ್ಮ ಬಾಯಿಂದಲೇ ಒಪ್ಪಿಕೊಳ್ಳುತ್ತಾರೆ. ಅಶುವಿಗೆ ಸಿಗದೆ ಹೋದದ್ದು ಅದು.

ಹೆಂಗಸರ ವಿಷಯಕ್ಕೆ ಬಂದರೆ ಈ ಇಡೀ ಚರ್ಚೆ ತಿರುವುಮುರುವಾಗುತ್ತದೆ. ಯಹೂದಿ ಶಾಸ್ತ್ರದಲ್ಲಿ ಹೊತ್ತುಗೊತ್ತಿಗೆ ಮಾಡಬೇಕಾದ ಬಹುಪಾಲು ವಿಧಿಗಳಿಂದ ಹೆಂಗಸರಿಗೆ ವಿನಾಯಿತಿ. ಕೇಳಲು ಅನುಕೂಲವೆನಿಸುತ್ತದೆ. ಆದರೆ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ಬೇಕು, ಆ ಹತ್ತರಲ್ಲಿ ವಿಧಿ ಇಲ್ಲದವರನ್ನು ಎಣಿಸುವುದಿಲ್ಲ. ಹೊಣೆ ಇಲ್ಲದವಳಿಗೆ ಲೆಕ್ಕದಲ್ಲಿ ಜಾಗವೂ ಇಲ್ಲ. ಹಾಗಾಗಿ ಇಪ್ಪತ್ತನೇ ಶತಮಾನದ ಯಹೂದಿ ಹೆಂಗಸರು ಕೇಳಿದ್ದು ರಿಯಾಯಿತಿಯನ್ನಲ್ಲ, ಹೊರೆಯಲ್ಲಿ ಪಾಲು. 1922ರಲ್ಲಿ ನ್ಯೂಯಾರ್ಕಿನ ರಬ್ಬಿ ಮೊರ್ದೆಖಾಯ್ ಕಪ್ಲಾನ್ ಹನ್ನೆರಡು ವರ್ಷದ ಮಗಳು ಜುಡಿತ್‌ಳನ್ನು ಸಭೆಯ ಮುಂದೆ ನಿಲ್ಲಿಸಿ ತೋರಾ ಓದಿಸಿದರು. ಗಂಡುಹುಡುಗರು ವಿಧಿಗೆ ಬದ್ಧರಾಗುವ ಸಮಾರಂಭದ ಮಾದರಿಯಲ್ಲಿ ನಡೆದದ್ದು ಅದು. 1935ರಲ್ಲಿ ಜರ್ಮನಿಯ ರೆಗಿನಾ ಯೋನಾಸ್ ರಬ್ಬಿಯಾಗಿ ದೀಕ್ಷೆ ಪಡೆದ ಮೊದಲ ಮಹಿಳೆಯಾದರು. ಒಂಬತ್ತೇ ವರ್ಷದಲ್ಲಿ ನಾಜಿಗಳು ಅವರನ್ನು ಆಷ್‌ವಿಟ್ಜ್‌ನಲ್ಲಿ ಕೊಂದರು. ಕಟ್ಟಾ ಸಂಪ್ರದಾಯಸ್ಥರು ಈಗಲೂ ಈ ಬದಲಾವಣೆ ಒಪ್ಪಿಲ್ಲ.

ನಮ್ಮ ಕಡೆಯ ಹೆಣ್ಣುಮಕ್ಕಳಿಗೂ ಇಂಥದೇ ಒಂದು ವಿನಾಯಿತಿ ಬಹುಕಾಲದಿಂದ ನಡೆದುಬಂದಿದೆ. ಮದುವೆಯಾಗಿ ಹೋದವಳಿಗೆ ತವರಿನ ಸಾಲವಿಲ್ಲ, ತಿಥಿಯಿಲ್ಲ, ತೋಟದಲ್ಲಿ ಪಾಲೂ ಇಲ್ಲ. 1994ರಲ್ಲಿ ಕರ್ನಾಟಕ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಮಗಳನ್ನೂ ಹುಟ್ಟಿನಿಂದಲೇ ಪಿತ್ರಾರ್ಜಿತದ ಸಹಭಾಗಿ ಎಂದಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಅಪ್ಪ 2005ರಲ್ಲಿ ಬದುಕಿದ್ದರೇ ಇಲ್ಲವೇ ಎಂಬ ಗೊಂದಲವನ್ನು 2020ರಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಬಗೆಹರಿಸಿತು. ಈ ಕಾಯ್ದೆಗಳಲ್ಲಿ ನನಗೆ ಹಿಡಿಸಿದ್ದು ಜನ ಹೆಚ್ಚು ಗಮನಿಸದ ಒಂದು ಸಾಲು. ಮಗನಿಗಿರುವ ಹಕ್ಕಿನ ಜೊತೆಗೆ ಮಗನಿಗಿರುವ ಬಾಧ್ಯತೆಯೂ ಮಗಳಿಗೆ ಉಂಟು ಎಂದು ಅಲ್ಲಿ ಬರೆದಿದೆ. ಇಷ್ಟಿದ್ದೂ ಉಪನೋಂದಣಿ ಕಚೇರಿಯ ಮುಂದೆ ಅಣ್ಣನ ಜೊತೆ ಬಂದು, ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ತೆಗೆದುಕೊಂಡು, ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟೋ ಸಹಿಯೋ ಹಾಕಿ ಬಸ್ಸು ಹತ್ತುವ ಅಕ್ಕತಂಗಿಯರು ಇನ್ನೂ ಇದ್ದಾರೆ. ತವರಿನ ಬಾಗಿಲು ಮುಚ್ಚೀತು ಎಂಬ ಭಯ ಅವರದು.

ಇನ್ನೊಂದು ಬಗೆಯ ಮನೆಗಳೂ ಈಗ ಕಾಣಸಿಗುತ್ತವೆ. ಗಂಡುಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋಗಿ, ಅಪ್ಪ-ಅಮ್ಮನ ಜೊತೆ ಉಳಿದ ಮಗಳು ಔಷಧಿ ಸಿಂಪಡಣೆಯಿಂದ ಹಿಡಿದು ಸೊಸೈಟಿಯ ಸಾಲದವರೆಗೆ ತೋಟವನ್ನು ನಡೆಸುವ ಮನೆಗಳು. ಸಾಲಕ್ಕೆ ಅವಳ ಸಹಿ ನಡೆಯುತ್ತದೆ. ಅಪ್ಪನ ತಿಥಿಯ ದಿನ ಮಾತ್ರ ದರ್ಭೆ ಹಿಡಿಯಲು ಗಂಡುಮಗನ ರಜೆ ನೋಡಿ ದಿನ ಹೊಂದಿಸುತ್ತಾರೆ, ಅವನಿಗೂ ಆಗದಿದ್ದರೆ ದಾಯಾದಿಯನ್ನು ಕರೆಸುತ್ತಾರೆ. ಕಾಯ್ದೆ ಆ ಚಾವಡಿಯೊಳಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅದು ಪುರೋಹಿತರು, ಮನೆಯ ಹಿರಿಯರು ಕೂತು ಮಾತಾಡಿ ತೀರ್ಮಾನಿಸುವ ಸಂಗತಿ. ವರ್ಷವಿಡೀ ಅಪ್ಪನನ್ನು ನೋಡಿಕೊಂಡ ಮಗಳು, ಈ ಒಂದು ದಿನದ ಹೊಣೆಯನ್ನೂ ನನಗೇ ಕೊಡಿ ಎಂದು ಕೇಳಿದರೆ, ಬೇಡವೆನ್ನಲು ಒಂದು ಕಾರಣವೂ ನನಗೆ ಕಾಣುತ್ತಿಲ್ಲ.